ಯುವರಾಜನ ಮದುವೆ, ಮುಗಿಯದ ರಸ್ತೆ



ಆಡಂಬರದ ಮದುವೆಗಳನ್ನು ಖಂಡಿಸುವಾಗ ನಮ್ಮ ವೇದಿಕೆಗಳಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಹೆಸರು ಆಗಾಗ ಬರುತ್ತದೆ. ಭಾರಿ ಮದುವೆ ಮಾಡಿದರು, ಬೊಕ್ಕಸ ಬರಿದಾಯಿತು, ಜನರಿಗೆ ರೊಟ್ಟಿ ಇಲ್ಲವೆಂದಾಗ ಕೇಕ್ ತಿನ್ನಲಿ ಎಂದಳು, ಕ್ರಾಂತಿಯಾಯಿತು, ತಲೆ ಹೋಯಿತು. ನಾಲ್ಕು ವಾಕ್ಯದಲ್ಲಿ ಕಥೆ ಮುಗಿಯುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಆ ಕೇಕಿನ ಮಾತನ್ನು ಆಕೆ ಆಡಿದ್ದಕ್ಕೆ ಯಾವ ಆಧಾರವೂ ಇಲ್ಲ. ಅಂಥದೊಂದು ಮಾತನ್ನು ರೂಸೋ ತನ್ನ ಆತ್ಮಕಥೆಯಲ್ಲಿ ಹೆಸರಿಲ್ಲದ ಒಬ್ಬ ರಾಜಕುಮಾರಿಯ ಬಾಯಲ್ಲಿ ಇಟ್ಟಿದ್ದಾನೆ. ಆ ಭಾಗ ಬರೆಯುವ ಹೊತ್ತಿಗೆ ಮೇರಿ ಆಂಟೊನೆಟ್ ಫ್ರಾನ್ಸಿಗೆ ಕಾಲಿಟ್ಟಿರಲೇ ಇಲ್ಲ, ವಿಯೆನ್ನಾದ ಅರಮನೆಯಲ್ಲಿ ಆಡಿಕೊಂಡಿದ್ದ ಹುಡುಗಿ.

ಸುಧಾರಣೆಯ ಮಾತನಾಡುವ ನಮಗೆ ಸುಳ್ಳು ಉದಾಹರಣೆಯ ಹಂಗು ಬೇಕಿಲ್ಲ. 1770ರ ಆ ಮದುವೆಯಲ್ಲಿ ನಿಜವಾಗಿ ನಡೆದದ್ದೇ ಬೇಕಾದಷ್ಟಿದೆ. ಅದನ್ನು ಮಾತ್ರ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದರಲ್ಲಿ ರಾಣಿಯ ಸೊಕ್ಕಿನ ಮಾತಿಲ್ಲ; ರಸ್ತೆ, ಗುಂಡಿ, ಕಾವಲು, ಅಧಿಕಾರ ವ್ಯಾಪ್ತಿ ಇಂಥ ಒಣ ಸಂಗತಿಗಳಿವೆ. ಬಹುಶಃ ಅದೇ ಕಾರಣವಿರಬೇಕು. ಸೇವಾವಧಿಯನ್ನೆಲ್ಲ ಸರ್ಕಾರಿ ಕಾಮಗಾರಿಗಳ ನಡುವೆ ಕಳೆದ ನನಗೆ ಆ ಒಣ ಸಂಗತಿಗಳೇ ಮುಖ್ಯವಾಗಿ ಕಾಣುತ್ತವೆ.

ಮೊದಲು ಮದುವೆಯ ಹಿನ್ನೆಲೆ. ಫ್ರಾನ್ಸ್ ಮತ್ತು ಆಸ್ಟ್ರಿಯಾ ತಲೆತಲಾಂತರದ ವೈರಿಗಳು. 1756ರಲ್ಲಿ ಇಬ್ಬರೂ ದಿಢೀರನೆ ಮಿತ್ರರಾದರು. ಅದರ ಬೆನ್ನಿಗೇ ಬಂದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಫ್ರಾನ್ಸ್ ಕೆನಡಾವನ್ನು ಕಳೆದುಕೊಂಡಿತ್ತು. ನಮ್ಮ ದೇಶದಲ್ಲಿ ಪಾಂಡಿಚೇರಿಯಂಥ ಕೆಲವು ವ್ಯಾಪಾರ ನೆಲೆಗಳಷ್ಟೇ ಅದರ ಕೈಯಲ್ಲಿ ಉಳಿದವು. ಉಳಿದದ್ದು ಸಾಲ. ಆ ಮೈತ್ರಿಯನ್ನು ಗಟ್ಟಿ ಮಾಡಲು ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾ ಮತ್ತು ಫ್ರಾನ್ಸಿನ ಮಂತ್ರಿ ಶ್ವಾಸೆಲ್ ಕೂಡಿಸಿದ ಸಂಬಂಧ ಇದು. ವರ, ಹದಿನೈದನೇ ಲೂಯಿ ದೊರೆಯ ಮೊಮ್ಮಗ. ಆಗ ಅವನಿಗೆ 15 ವರ್ಷ. ವಧು ಮಹಾರಾಣಿಯ ಹದಿನೈದನೇ ಮಗು. ಆಗ 14 ವರ್ಷ. ಆಕೆಗೆ ಫ್ರೆಂಚ್ ಭಾಷೆ ಮತ್ತು ನಡವಳಿಕೆ ಕಲಿಸಲೆಂದು 1768ರಲ್ಲೇ ಫ್ರಾನ್ಸಿನಿಂದ ವೆರ್ಮೋಂ ಎಂಬ ಪಾದ್ರಿಯನ್ನು ವಿಯೆನ್ನಾಕ್ಕೆ ಕಳಿಸಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕಂಡಿರಲಿಲ್ಲ.

ಕಾಣುವ ಮೊದಲೇ ಮದುವೆಯೂ ಆಗಿಹೋಯಿತು! 1770ರ ಏಪ್ರಿಲ್ 19ರಂದು ವಿಯೆನ್ನಾದ ಅಗಸ್ಟೀನಿಯನ್ ಚರ್ಚಿನಲ್ಲಿ ವರನ ಜಾಗದಲ್ಲಿ ನಿಂತವನು ವಧುವಿನ ಅಣ್ಣ ಫರ್ಡಿನಾಂಡ್. ನಮ್ಮ ಕಡೆ ಹೇಳಿದರೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವರಲ್ಲಿ ಅದು ಕಾನೂನಿನ ಒಂದು ವಿಧಿ, ಪವರ್ ಆಫ್ ಅಟಾರ್ನಿ ಇದ್ದ ಹಾಗೆ. ದೂರದೇಶಕ್ಕೆ ಹೊರಡುವ ಮೊದಲು ಹುಡುಗಿ ಕಾನೂನಿನ ಪ್ರಕಾರ ಹೆಂಡತಿಯಾಗಿರಬೇಕು, ಅಷ್ಟೆ. ಎರಡು ದಿನ ಬಿಟ್ಟು, 21ರಂದು 57 ಗಾಡಿಗಳ ದಿಬ್ಬಣ ಹೊರಟಿತು. ಎಳೆಯುತ್ತಿದ್ದ ಕುದುರೆಗಳು ಮುನ್ನೂರಕ್ಕೂ ಹೆಚ್ಚು. ದಾರಿಯುದ್ದಕ್ಕೂ ದಿನಕ್ಕೆ ಹಲವು ಸಲ ಅವುಗಳನ್ನು ಬದಲಾಯಿಸಬೇಕಿತ್ತು. ಹಾಗೆ ಬದಲಾಯಿಸಲು ಯಾವ ಊರಿನವರ ಕುದುರೆಗಳು, ಯಾವ ಹೊಲದ ಉಳುಮೆ ಬಿಟ್ಟು ಬಂದವು ಎಂಬ ಲೆಕ್ಕ ದಿಬ್ಬಣದ ವರ್ಣನೆಗಳಲ್ಲಿ ಸಿಗುವುದಿಲ್ಲ.

ಮೇ 7ರಂದು ದಿಬ್ಬಣ ಸ್ಟ್ರಾಸ್‌ಬರ್ಗ್ ಮುಟ್ಟಿತು. ಅಲ್ಲಿ ರೈನ್ ನದಿಯೇ ಗಡಿ. ವಧುವನ್ನು ಆಸ್ಟ್ರಿಯಾದ ನೆಲದಲ್ಲಿ ಒಪ್ಪಿಸಿದರೆ ಫ್ರೆಂಚರಿಗೆ ಅವಮಾನ, ಫ್ರಾನ್ಸಿನ ನೆಲದಲ್ಲಿ ಒಪ್ಪಿಸಿದರೆ ಆಸ್ಟ್ರಿಯನ್ನರಿಗೆ ಅವಮಾನ. ಹಾಗಾಗಿ ನದಿಯ ನಡುವಿನ ದ್ವೀಪವೊಂದರಲ್ಲಿ ಮರದ ಮಂಟಪ ಕಟ್ಟಿದರು. ಒಂದು ಬದಿಯ ಕೋಣೆಗಳು ಅವರದು, ಇನ್ನೊಂದು ಬದಿಯವು ಇವರದು, ನಡುವೆ ಒಪ್ಪಿಸುವ ಸಭಾಂಗಣ. ಅಲ್ಲಿ ಹುಡುಗಿ ತನ್ನ ಜೊತೆ ಬಂದ ಆಸ್ಟ್ರಿಯಾದ ಪರಿವಾರವನ್ನೆಲ್ಲ ಬಿಟ್ಟು ಆಚೆ ಬಾಗಿಲಿನಿಂದ ಫ್ರೆಂಚಳಾಗಿ ಹೊರಬರಬೇಕು.

ಈ ಮಂಟಪವನ್ನು ವಧು ಬರುವ ಮೊದಲೇ ಒಳಹೊಕ್ಕು ನೋಡಿದ ಒಬ್ಬ ವಿದ್ಯಾರ್ಥಿ ಇದ್ದ. ಸ್ಟ್ರಾಸ್‌ಬರ್ಗಿನಲ್ಲಿ ಕಾನೂನು ಓದುತ್ತಿದ್ದ ಇಪ್ಪತ್ತರ ಹುಡುಗ, ಮುಂದೆ ಜರ್ಮನಿಯ ಮಹಾಕವಿಯಾದ ಗಯಟೆ. ಗೋಡೆಗೆ ತೂಗುಹಾಕಿದ್ದ ದೊಡ್ಡ ಚಿತ್ರವಸ್ತ್ರಗಳನ್ನು ಕಂಡು ಅವನು ಹೌಹಾರಿದನಂತೆ. ಅವುಗಳಲ್ಲಿ ಇದ್ದದ್ದು ಗ್ರೀಕ್ ಪುರಾಣದ ಜೇಸನ್ ಮತ್ತು ಮೀಡಿಯಾರ ಕಥೆ. ಗಂಡ ಬೇರೆ ಮದುವೆಯಾದನೆಂದು ಹೊಸ ವಧುವನ್ನೂ ತನ್ನ ಹೆತ್ತ ಮಕ್ಕಳನ್ನೂ ಕೊಂದ ಹೆಂಗಸಿನ ಕಥೆ. ಮದುವಣಗಿತ್ತಿಯ ಸ್ವಾಗತಕ್ಕೆ ಇದನ್ನೇ ತೂಗುಹಾಕಬೇಕೆ ಎಂದು ಅವನು ಕೂಗಾಡಿದ. ಜೊತೆಗಿದ್ದವರು, ಚಿತ್ರದ ಅರ್ಥವನ್ನು ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿದರು. ಅವರ ಮಾತು ಸುಳ್ಳಲ್ಲ. ಇಂಥ ಸಮಾರಂಭಗಳಲ್ಲಿ ಬಟ್ಟೆಯ ಬೆಲೆ ನೋಡುವವರೇ ಜಾಸ್ತಿ.

ಗಯಟೆ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿರುವ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ವಧು ಬರುವ ಮೊದಲು ಊರಿನಲ್ಲಿ ಒಂದು ಆಜ್ಞೆ ಹೊರಟಿತಂತೆ: ಅಂಗವಿಕಲರು, ಕುಂಟರು, ನೋಡಲು ಅಸಹ್ಯವಾಗುವಂಥ ರೋಗಿಗಳು ಆಕೆ ಬರುವ ದಾರಿಯಲ್ಲಿ ಕಾಣಿಸಿಕೊಳ್ಳಕೂಡದು. ಆ ಎಳೆಯ ಹುಡುಗಿ ಇದನ್ನು ಕೇಳಿದ್ದಳೆಂದು ನಾನು ನಂಬುವುದಿಲ್ಲ. ಯಾವನೋ ಅಧಿಕಾರಿ ತನ್ನ ನಿಷ್ಠೆ ತೋರಿಸಲು ಹೊರಡಿಸಿದ ಆಜ್ಞೆ ಇರಬೇಕು. ಇಂಥ ಆಜ್ಞೆಗಳು ಮೇಲಿನವರು ಬಾಯಿ ಬಿಡುವ ಮೊದಲೇ ಕೆಳಗಿನವರ ತಲೆಯಲ್ಲಿ ಹುಟ್ಟುತ್ತವೆ. ಕುಷ್ಠರೋಗಿಗಳನ್ನು ಕ್ರಿಸ್ತ ಮುಟ್ಟಿ ಗುಣಪಡಿಸಿದನೆಂದು ಪ್ರತಿ ಭಾನುವಾರ ಕೇಳುವ ಊರು ಅದು ಎಂಬುದನ್ನು ಮರೆಯಬೇಡಿ. ಗಯಟೆ ಆಗಲೇ ಇದರ ಮೇಲೆ ಫ್ರೆಂಚಿನಲ್ಲಿ ಒಂದು ಚಿಕ್ಕ ಕವಿತೆ ಬರೆದು ಚುಚ್ಚಿದನಂತೆ.

ಮೇ 14ರಂದು ಕೊಂಪಿಯೇನ್ ಕಾಡಿನ ಅಂಚಿನಲ್ಲಿ ಮುದಿ ದೊರೆ ಮತ್ತು ವರ ಎದುರುಗೊಂಡರು. 16ರಂದು ವರ್ಸೇಲ್ಸ್ ಅರಮನೆಯ ದೇವಾಲಯದಲ್ಲಿ ರೀಮ್ಸ್‌ನ ಆರ್ಚ್‌ಬಿಷಪ್ ವಿವಾಹ ನೆರವೇರಿಸಿದರು. ನೋಂದಣಿ ಪುಸ್ತಕದಲ್ಲಿ ವಧುವಿನ ಸಹಿಯ ಮೇಲೆ ಶಾಯಿ ಚೆಲ್ಲಿ ದೊಡ್ಡ ಕಲೆಯಾಗಿದೆ, ಇವತ್ತಿಗೂ ನೋಡಬಹುದು. ಹದಿನಾಲ್ಕರ ಹುಡುಗಿಯ ಕೈ ನಡುಗಿದರೆ ಅದರಲ್ಲಿ ಶಕುನ ಹುಡುಕುವುದೇನಿದೆ? ಆ ರಾತ್ರಿಯ ಬಾಣಬಿರುಸು ಗುಡುಗು ಮಳೆಗೆ ನಿಂತುಹೋಗಿ 19ನೇ ತಾರೀಖಿಗೆ ಹೋಯಿತು.

ಇನ್ನು ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ವರ್ಸೇಲ್ಸ್ ಅರಮನೆಗೆ ಒಂದು ಸಂಗೀತ ನಾಟಕ ಶಾಲೆ ಬೇಕೆಂಬ ಯೋಜನೆ ಇಪ್ಪತ್ತು ವರ್ಷ ನಕ್ಷೆಯಲ್ಲೇ ಕೊಳೆಯುತ್ತಿತ್ತು. ಮೊಮ್ಮಗನ ಮದುವೆ ಗೊತ್ತಾಗುತ್ತಿದ್ದಂತೆ ಕಡತಕ್ಕೆ ಜೀವ ಬಂತು. ರಾಜಶಿಲ್ಪಿ ಗೇಬ್ರಿಯೆಲ್ ಎರಡು ವರ್ಷದೊಳಗೆ, 23 ತಿಂಗಳಲ್ಲಿ ಕಟ್ಟಿ ಮುಗಿಸಿದ. ಕೆಲಸ ಬೇಗ ಮುಗಿಯಲಿ, ನಾದವೂ ಚೆನ್ನಾಗಿ ಕೇಳಲಿ ಎಂದು ಒಳಗೆಲ್ಲ ಮರ. ಆ ಮರಕ್ಕೆ ಅಮೃತಶಿಲೆಯಂತೆ ಕಾಣುವ ಬಣ್ಣ. ಯಂತ್ರಶಿಲ್ಪಿ ಆರ್ನೂ ಎಂಬಾತ ಪ್ರೇಕ್ಷಕರು ಕೂರುವ ನೆಲವನ್ನೇ ರಾಟೆಗಳಿಂದ ಎತ್ತಿ ರಂಗಮಂಚದ ಮಟ್ಟಕ್ಕೆ ತರುವ ಏರ್ಪಾಡು ಮಾಡಿದ. 16ರ ರಾತ್ರಿ ಅದು ಭೋಜನಶಾಲೆ, 17ರಂದು ಲುಲ್ಲಿಯ ಹಳೆಯ ಸಂಗೀತ ನಾಟಕಕ್ಕೆ ರಂಗಮಂದಿರ, 19ರಂದು ನೃತ್ಯಶಾಲೆ. ವಿದ್ಯುತ್ತಿಲ್ಲ, ಹೈಡ್ರಾಲಿಕ್ ಇಲ್ಲ. ಹಗ್ಗ, ರಾಟೆ, ಮರ, ಮನುಷ್ಯರ ತೋಳು. ಆ ಬಡಗಿಗಳ, ಯಂತ್ರಶಿಲ್ಪಿಗಳ ಕಾಯಕಕ್ಕೆ ನಾನು ತಲೆಬಾಗುತ್ತೇನೆ. ಕಟ್ಟಡ ಈಗಲೂ ನಿಂತಿದೆ. ಆಡಂಬರವನ್ನು ಖಂಡಿಸುವ ಭರದಲ್ಲಿ ಕೆಲಸಗಾರರ ಕೌಶಲವನ್ನೂ ಹೀಗಳೆಯುವುದು ನನಗೆ ಸಮ್ಮತವಲ್ಲ.

ಆದರೆ ಒಂದು ರಾತ್ರಿ ಆ ಶಾಲೆಯನ್ನು ಬೆಳಗಿಸಲು ಸುಮಾರು 3000 ಮೇಣದ ಬತ್ತಿ ಬೇಕಾಗುತ್ತಿತ್ತು. ಆ ಖರ್ಚು ಅರಮನೆಗೇ ಭಾರವಾಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ನಡೆದ ಪ್ರದರ್ಶನಗಳು ನಲವತ್ತರ ಆಸುಪಾಸು ಮಾತ್ರ, ಅಂದರೆ ವರ್ಷಕ್ಕೆ ಎರಡು. ಬಳಕೆಗೆ ತಗಲುವ ಖರ್ಚನ್ನು ಲೆಕ್ಕ ಹಾಕದೆ ಉದ್ಘಾಟನೆಯ ತಾರೀಖನ್ನು ಮಾತ್ರ ನೋಡಿ ಕಟ್ಟಿದ ಕಟ್ಟಡಗಳ ಗತಿಯೇ ಅಷ್ಟು. ಇಂಥವನ್ನು ನೋಡಲು ಫ್ರಾನ್ಸಿಗೇ ಹೋಗಬೇಕಾಗಿಲ್ಲ.

19ರ ನೃತ್ಯದ ದಿನ ಆಸ್ಥಾನದಲ್ಲಿ ಎದ್ದ ಗಲಾಟೆಯನ್ನೂ ಹೇಳಿಬಿಡಬೇಕು. ವಧುವಿನ ತಂದೆಯ ಕಡೆಯ ಬಂಧು, ಲೊರೇನ್ ಮನೆತನದ ಒಬ್ಬ ಯುವತಿ, ರಾಜವಂಶದವರು ಕುಣಿದ ಮೇಲೆ ಮಿನುಯೆಟ್ ಕುಣಿಯುತ್ತಾಳೆಂದು ಸುದ್ದಿಯಾಯಿತು. ಆ ಸರದಿ ನಮ್ಮದು ಎಂದು ಫ್ರಾನ್ಸಿನ ಡ್ಯೂಕುಗಳು ದೊರೆಗೆ ಬರವಣಿಗೆಯಲ್ಲಿ ಅಹವಾಲು ಕೊಟ್ಟರು. ನೃತ್ಯಕ್ಕೇ ಬರುವುದಿಲ್ಲವೆಂಬ ಬೆದರಿಕೆಯೂ ಕೇಳಿಬಂತು. ಯಾರು ಮೊದಲು ಕುಣಿಯಬೇಕು ಎಂಬ ಪ್ರಶ್ನೆಗೆ ಇಡೀ ಆಸ್ಥಾನ ದಿನಗಟ್ಟಲೆ ತಲೆ ಕೆಡಿಸಿಕೊಂಡಿತು. ಇನ್ನು ಹನ್ನೊಂದು ದಿನಕ್ಕೆ ಪ್ಯಾರಿಸ್ಸಿನಲ್ಲಿ ಜನಸಾಗರ ಸೇರಲಿತ್ತು. ಯಾರು ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬುದಕ್ಕೆ ಇದರ ಕಾಲುಭಾಗ ಗಮನ ಸಿಕ್ಕಿದ್ದರೂ ಸಾಕಿತ್ತು.

ಅದಕ್ಕೆ ಮುನ್ನ ದುಡ್ಡಿನ ಮಾತು. ಅದೇ 1770ರ ಆರಂಭದಲ್ಲಿ ಹಣಕಾಸು ಮಂತ್ರಿ ಪಾದ್ರಿ ತೆರೇ ಸರ್ಕಾರದ ಸಾಲಪತ್ರಗಳ ಪಾವತಿಯನ್ನು ಕಡಿತ ಮಾಡಿದ್ದ. ಸರ್ಕಾರವನ್ನು ನಂಬಿ ಹಣ ಇಟ್ಟವರು ಬೀದಿಗೆ ಬಿದ್ದರು. ಫಸಲು ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಅಂಥ ವರ್ಷದಲ್ಲಿ ಈ ಮದುವೆ. ಉತ್ಸವಗಳು ಹೇಗಿದ್ದವು ಎಂದು ದೊರೆ ಕೇಳಿದಾಗ ತೆರೇ ಒಂದೇ ಶಬ್ದದಲ್ಲಿ ಉತ್ತರಿಸಿದನೆಂದು ಒಂದು ಕಥೆ ಪ್ರಚಲಿತವಾಗಿದೆ. ಆ ಫ್ರೆಂಚ್ ಶಬ್ದಕ್ಕೆ ಎರಡು ಅರ್ಥ: ಬೆಲೆ ಕಟ್ಟಲಾಗದ್ದು ಎಂದೂ ಆಗುತ್ತದೆ, ದುಡ್ಡು ತೀರಿಸಲಾಗದ್ದು ಎಂದೂ ಆಗುತ್ತದೆ.

ಹಾಗೆಂದು ಮದುವೆಯ ಖರ್ಚಿನಿಂದಲೇ ಫ್ರಾನ್ಸ್ ಮುಳುಗಿತು ಎನ್ನುವುದು ಲೆಕ್ಕ ಬಾರದವರ ಮಾತು. ಕ್ರಾಂತಿಯ ಹಿಂದಿನ ವರ್ಷ, 1788ರ ಆಯವ್ಯಯವನ್ನೇ ನೋಡಿ. ಇಡೀ ಆಸ್ಥಾನದ ಖರ್ಚು ಶೇಕಡಾ 6ರಷ್ಟು. ಹಳೆಯ ಸಾಲಗಳ ಬಡ್ಡಿ ಮತ್ತು ಮರುಪಾವತಿ ಹತ್ತಿರ ಹತ್ತಿರ ಅರ್ಧ. ಆ ಸಾಲಗಳು ಬಹುಪಾಲು ಯುದ್ಧಗಳವು. ಶ್ರೀಮಂತರು, ಪಾದ್ರಿಗಳು ತೆರಿಗೆಯಿಂದ ಬಹಳಮಟ್ಟಿಗೆ ತಪ್ಪಿಸಿಕೊಂಡಿದ್ದರಿಂದ ಆ ಸಾಲ ತೀರಲಿಲ್ಲ. ಇದೇ 1788ರ ಆಗಸ್ಟ್ 10ರಂದು ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಈ ದಂಪತಿಗಳ ಮುಂದೆ ನಿಂತಿದ್ದರು. ಆಗ ಆ ಹುಡುಗ ಹದಿನಾರನೇ ಲೂಯಿ ದೊರೆಯಾಗಿದ್ದ. ಇಂಗ್ಲಿಷರ ವಿರುದ್ಧ ಫ್ರೆಂಚ್ ಸೇನೆಯ ನೆರವು ಬೇಕೆಂದು ಪಾಂಡಿಚೇರಿಯಿಂದ ಹಡಗು ಹತ್ತಿ ಸುಮಾರು ಒಂದು ವರ್ಷ ಪ್ರಯಾಣ ಮಾಡಿ ಬಂದವರು. ಅವರಿಗೆ ಸಿಕ್ಕಿದ್ದು ವೈಭವದ ಸ್ವಾಗತ, ಪಿಂಗಾಣಿಯ ಉಡುಗೊರೆ. ಸೇನೆ ಸಿಗಲಿಲ್ಲ. ಆರು ದಿನಕ್ಕೆ, ಆಗಸ್ಟ್ 16ರಂದು, ಫ್ರಾನ್ಸಿನ ಖಜಾನೆ ನಗದು ಪಾವತಿಗಳನ್ನು ಭಾಗಶಃ ನಿಲ್ಲಿಸಿ ಕಾಗದ ಕೊಡಲು ಶುರುಮಾಡಿತು. ದರಬಾರಿನ ದೀಪ, ಜರತಾರಿ ನೋಡಿದ ಮೈಸೂರಿನವರಿಗೆ ಮನೆಯೊಳಗಿನ ಈ ಸ್ಥಿತಿ ಹೇಗೆ ಗೊತ್ತಾಗಬೇಕು? ಆಡಂಬರದ ಒಂದು ದೊಡ್ಡ ಕೆಡುಕು ಅದೇ. ಅದು ಹೊರಗಿನವರಿಗೂ, ಕೊನೆಕೊನೆಗೆ ಮನೆಯವರಿಗೂ, ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸುತ್ತದೆ.

ಈಗ 1770ರ ಮೇ 30, ಬುಧವಾರ.

ಅರಮನೆಯ ಉತ್ಸವಗಳಾದ ಮೇಲೆ ಪ್ಯಾರಿಸ್ ನಗರಾಡಳಿತದ ಸರದಿ. ಯುವರಾಜನ ಮದುವೆಯ ಸಂತೋಷಕ್ಕೆ ನಗರದ ಕಡೆಯಿಂದ ಭಾರಿ ಬಾಣಬಿರುಸು. ಜಾಗ, ಹದಿನೈದನೇ ಲೂಯಿಯ ಹೆಸರಿನ ಚೌಕ. ಈಗ ಅದನ್ನು ಪ್ಲಾಸ್ ದ ಲಾ ಕಾಂಕಾರ್ಡ್ ಎನ್ನುತ್ತಾರೆ. ಅದರ ವಿನ್ಯಾಸವೂ ಅದೇ ಗೇಬ್ರಿಯೆಲ್‌ನದು. ನಡುವೆ ದೊರೆಯ ಕುದುರೆ ಸವಾರಿಯ ಪ್ರತಿಮೆ 1763ರಲ್ಲೇ ನಿಂತಿತ್ತು, ಚೌಕ ಮಾತ್ರ ಪೂರ್ತಿಯಾಗಿರಲಿಲ್ಲ. ಪ್ರತಿಮೆ ಮೊದಲು, ರಸ್ತೆ ಆಮೇಲೆ. ಅಲ್ಲಿ ಅರಮನೆಯ ನಾಟಕಶಾಲೆಯನ್ನು 23 ತಿಂಗಳಲ್ಲಿ ಮುಗಿಸಿದವರಿಗೆ ಇಲ್ಲಿ ಜನ ಓಡಾಡುವ ಬೀದಿಯನ್ನು ಮುಗಿಸಲು ಆಗಿರಲಿಲ್ಲ.

ಚೌಕದ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ದಕ್ಷಿಣಕ್ಕೆ ಸೀನ್ ನದಿ. ಇವತ್ತು ಅಲ್ಲಿರುವ ಸೇತುವೆ ಆಗ ಇರಲಿಲ್ಲ, ಹಾಗಾಗಿ ಆ ದಿಕ್ಕು ಮುಚ್ಚಿದಂತೆಯೇ. ಪೂರ್ವಕ್ಕೆ ಟ್ವಿಲರಿ ಅರಮನೆಯ ತೋಟ. ಪಶ್ಚಿಮಕ್ಕೆ ಮರಗಳ ಸಾಲು, ಅದು ಊರಿನಿಂದ ಹೊರಕ್ಕೆ ಹೋಗುವ ದಿಕ್ಕು. ಊರೊಳಗೆ ಮನೆಗೆ ಹೋಗಬೇಕಾದವರಿಗೆ ನೇರ ದಾರಿಯೆಂದರೆ ಉತ್ತರದ ರೂ ರಾಯಾಲ್, ಅಂದರೆ ರಾಜಬೀದಿ. ಚೌಕದ ಸುತ್ತ ಶೋಭೆಗೆಂದು ಆಳವಾದ ಕಂದಕಗಳು. ರಾಜಬೀದಿಯಲ್ಲಿ ಕಟ್ಟಡಗಳ ಕೆಲಸ ನಡೆಯುತ್ತಿತ್ತು. ಕಲ್ಲಿನ ರಾಶಿ, ಮರದ ದಿಮ್ಮಿ, ಅಗೆದ ಗುಂಡಿ ಎಲ್ಲ ಹಾಗೇ ಬಿದ್ದಿದ್ದವು. ಅದರ ಮೇಲೆ ಶ್ರೀಮಂತರ ಕುದುರೆ ಗಾಡಿಗಳು ಬೇರೆ.

ಬಾಣಬಿರುಸು ಮುಗಿಯಿತು. ಚೌಕದಲ್ಲಿದ್ದವರು ಬೀದಿ ದೀಪಾಲಂಕಾರ ನೋಡಲು ಉತ್ತರಕ್ಕೆ ಹೊರಟರು. ಅದೇ ಹೊತ್ತಿಗೆ ಉತ್ತರದಲ್ಲಿದ್ದವರು ಚೌಕ ನೋಡಲು ದಕ್ಷಿಣಕ್ಕೆ ಹೊರಟರು. ಎರಡೂ ಪ್ರವಾಹ ರಾಜಬೀದಿಯಲ್ಲಿ ಎದುರುಬದುರಾದವು. ಮುಂದಿನವರು ಗುಂಡಿಗೆ ಬಿದ್ದರು, ಅವರ ಮೇಲೆ ಹಿಂದಿನವರು ಬಿದ್ದರು. ಗಾಡಿ, ಕುದುರೆ, ಮನುಷ್ಯರು ಒಂದೇ ರಾಶಿಯಾದರು. ಹಿಂದಿನವರಿಗೆ ಮುಂದೆ ಏನಾಗಿದೆಯೆಂದು ತಿಳಿಯುವಂತಿರಲಿಲ್ಲ, ಅವರು ತಳ್ಳುತ್ತಲೇ ಇದ್ದರು. ಸತ್ತವರಲ್ಲಿ ಹೆಚ್ಚಿನವರು ಸುಟ್ಟು ಸತ್ತವರಲ್ಲ, ಉಸಿರುಕಟ್ಟಿ ಸತ್ತವರು. ಸರ್ಕಾರಿ ಲೆಕ್ಕ 132. ಆ ಕಾಲದ ಹಲವರು ಇದಕ್ಕಿಂತ ಬಹಳ ಹೆಚ್ಚೆಂದು ಬರೆದಿದ್ದಾರೆ. ಹೊಸ ವಧು ಈ ದೀಪಗಳನ್ನು ನೋಡಲು ವರ್ಸೇಲ್ಸ್‌ನಿಂದ ಹೊರಟು ನದಿಯ ದಂಡೆಯವರೆಗೆ ಬಂದಿದ್ದಳು. ಸುದ್ದಿ ಕೇಳಿ ಅಲ್ಲಿಂದಲೇ ಹಿಂದಿರುಗಿದಳು.

ಇಂಥ ಸಂದರ್ಭದಲ್ಲಿ ಜನ ಹುಚ್ಚರಂತೆ ಓಡಿದರು, ತುಳಿದಾಡಿದರು ಎಂದು ಬರೆಯುವುದು ಆಗಿನ ರೂಢಿ. ಈಗಲೂ ಅದೇ ರೂಢಿ. ಇದು ಸತ್ತವರ ಮೇಲೆ ಹೊರಿಸುವ ಎರಡನೇ ಹೊರೆ. ಎಂಜಿನಿಯರಿಂಗ್ ಲೆಕ್ಕ ಬೇರೆಯೇ ಹೇಳುತ್ತದೆ. ಸಮತಟ್ಟಾದ ದಾರಿಯಲ್ಲಿ, ಎಲ್ಲರೂ ಒಂದೇ ದಿಕ್ಕಿಗೆ ನಡೆದರೆ, ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಸುಮಾರು 80 ಜನ ಸಾಗಬಹುದು. ಕಲ್ಲು, ಗುಂಡಿ, ಗಾಡಿಗಳನ್ನು ಬಿಟ್ಟು 10 ಮೀಟರ್ ದಾರಿ ಉಳಿದಿದೆ, ಹೊರಹೋಗಬೇಕಾದವರು ಒಂದು ಲಕ್ಷ ಎಂದು ಸುಮ್ಮನೆ ಇಟ್ಟುಕೊಳ್ಳಿ. ಎರಡು ಗಂಟೆಗೂ ಹೆಚ್ಚು ಬೇಕು, ಅದೂ ಎದುರಿನಿಂದ ಒಬ್ಬನೂ ಬಾರದಿದ್ದರೆ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಆದರೆ ಅಲ್ಲಿ ಯಾರಿಗೂ ತನ್ನ ಕಾಲಿನ ಮೇಲೆ ಹಿಡಿತವಿಲ್ಲ. ಗುಂಪು ನೀರಿನಂತೆ ಅಲೆಯಾಗುತ್ತದೆ. ಅಲ್ಲಿ ಸಭ್ಯನೂ ತಳ್ಳುತ್ತಾನೆ, ಅವನನ್ನು ಬೇರೆಯವರು ತಳ್ಳುತ್ತಿರುವುದರಿಂದ. ಬರುವವರಿಗೆ ಒಂದು ದಾರಿ, ಹೋಗುವವರಿಗೆ ಒಂದು ದಾರಿ ಎಂದು ಹಗ್ಗ ಕಟ್ಟಿ ನಾಲ್ಕು ಜನ ನಿಂತಿದ್ದರೆ, ಗುಂಡಿಗಳಿಗೆ ಎರಡು ದಿನ ಮೊದಲು ಮಣ್ಣು ತುಂಬಿಸಿದ್ದರೆ, ಆ 132 ಜನರಲ್ಲಿ ಬಹುಪಾಲು ಮನೆ ಸೇರುತ್ತಿದ್ದರು. ಆ ಮಣ್ಣಿನ ಖರ್ಚು ಬಾಣಬಿರುಸಿನ ಖರ್ಚಿನಲ್ಲಿ ಎಷ್ಟನೇ ಒಂದು ಪಾಲು ಎಂದು ನೀವೇ ಊಹಿಸಿ.

ಹಾಗಾದರೆ ಯಾರ ಹೊಣೆ? ಪ್ಯಾರಿಸ್ಸಿನಲ್ಲಿ ಆಗ ಎರಡು ಅಧಿಕಾರಗಳು. ಒಂದು, ವರ್ತಕರ ಮುಖ್ಯಸ್ಥ ಎಂಬ ಬಿರುದಿನ ನಗರಾಧ್ಯಕ್ಷ, ಬಿನ್ಯೋನ್. ಇನ್ನೊಂದು, ದೊರೆಯ ಪೊಲೀಸ್ ಮುಖ್ಯಸ್ಥ, ಸಾರ್ತೀನ್. ಉತ್ಸವ ನಗರದ್ದು, ಆದ್ದರಿಂದ ವ್ಯವಸ್ಥೆಯೂ ನಮ್ಮದೇ ಎಂದು ನಗರಾಡಳಿತ ಹಟ ಹಿಡಿಯಿತು. ಇಂಥ ಗುಂಪನ್ನು ನಿಭಾಯಿಸಿ ಅಭ್ಯಾಸವಿದ್ದ ಅರಮನೆಯ ಕಾಲ್ದಳವನ್ನು ಕರೆಸಲಿಲ್ಲ. ಅವರಿಗೆ ಕೊಡಬೇಕಾದ ಭತ್ಯೆ ಉಳಿಸಲು ಹೀಗೆ ಮಾಡಿದರೆಂಬ ಮಾತು ಆಗಲೇ ಊರೆಲ್ಲ ಹಬ್ಬಿತ್ತು. ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆ ವಿಚಾರಣೆ ನಡೆಸಿತು. ನಗರದವರು ಪೊಲೀಸರ ಕಡೆ, ಪೊಲೀಸರು ನಗರದವರ ಕಡೆ ಬೆರಳು ತೋರಿಸಿದರು. ಬಿನ್ಯೋನ್ ದುರಂತವಾದ ಕೆಲವೇ ದಿನಗಳಲ್ಲಿ ಸಂಗೀತ ನಾಟಕದ ತನ್ನ ಮೀಸಲು ಪೆಟ್ಟಿಗೆಯಲ್ಲಿ ಕಾಣಿಸಿಕೊಂಡದ್ದನ್ನು ಪ್ಯಾರಿಸ್ಸಿನವರು ಮರೆಯಲಿಲ್ಲ. ಆದರೂ 1772ರಲ್ಲಿ ಸಾಯುವವರೆಗೂ ಅವನು ಅದೇ ಹುದ್ದೆಯಲ್ಲಿದ್ದ.

ಹದಿನೈದರ ವರ ಮಾತ್ರ ಒಂದು ಕೆಲಸ ಮಾಡಿದ. ತನ್ನ ತಿಂಗಳ ಕೈಖರ್ಚಿನ 6000 ಲಿವ್ರ್‌ಗಳನ್ನು ಪೂರ್ತಿ ಸಾರ್ತೀನ್‌ಗೆ ಕಳಿಸಿ, ನನ್ನ ಕೈಯಲ್ಲಿರುವುದು ಇಷ್ಟೇ, ತೀರ ಕಷ್ಟದಲ್ಲಿರುವವರಿಗೆ ಕೊಡಿ ಎಂಬರ್ಥದಲ್ಲಿ ಬರೆದ. ವಧುವೂ ತನ್ನ ಹಣ ಕಳಿಸಿದಳು. ಉಳಿದವರ ನಡುವೆ ಈ ಇಬ್ಬರು ಮಕ್ಕಳ ನಡತೆಯೇ ಮೇಲಾಗಿ ಕಾಣುತ್ತದೆ ನನಗೆ.

ಸತ್ತವರನ್ನು ಹತ್ತಿರದ ಮಾಡ್ಲೇನ್ ಸ್ಮಶಾನದಲ್ಲಿ ಹೂಳಿದರು. 1793ರಲ್ಲಿ ಅದೇ ಚೌಕದಲ್ಲಿ ಗಿಲೊಟಿನ್‌ಗೆ ತಲೆಕೊಟ್ಟ ದೊರೆಯನ್ನೂ ರಾಣಿಯನ್ನೂ ಹೂಳಿದ್ದು ಅದೇ ಸ್ಮಶಾನದಲ್ಲಿ. ಇದನ್ನು ಕರ್ಮಫಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಆ ಚೌಕಕ್ಕೆ ಹತ್ತಿರದ ಸ್ಮಶಾನವಾಗಿತ್ತು, ಅಷ್ಟೇ. 132 ಜನರ ಸಾವನ್ನು ರಾಜದಂಪತಿಗಳ ಕಥೆಗೆ ಮುನ್ಸೂಚನೆ ಮಾಡಿಬಿಟ್ಟರೆ ಆ ಸಾವಿಗೆ ಅದರದೇ ಆದ ಕಾರಣಗಳಿದ್ದವು ಎಂಬುದು ಮರೆತುಹೋಗುತ್ತದೆ. ಮರೆತದ್ದಕ್ಕೆ ಸಾಕ್ಷಿಯೂ ಇದೆ. 126 ವರ್ಷಗಳ ನಂತರ, 1896ರ ಅದೇ ಮೇ 30ರಂದು, ಮಾಸ್ಕೋದ ಖೋದಿಂಕಾ ಮೈದಾನದಲ್ಲಿ ಜಾರ್ ಎರಡನೇ ನಿಕೊಲಾಸ್‌ನ ಪಟ್ಟಾಭಿಷೇಕದ ಉಡುಗೊರೆ ಪಡೆಯಲು ಜನ ಸೇರಿದ್ದರು. ಸೈನಿಕರ ತರಬೇತಿಗೆ ತೋಡಿದ ಕಂದಕಗಳು, ಹಳ್ಳಗಳು ಮುಚ್ಚದೆ ಹಾಗೇ ಇದ್ದವು. ಸತ್ತವರು ಸರ್ಕಾರಿ ಲೆಕ್ಕದಲ್ಲೇ 1389. ಆ ರಾತ್ರಿ ಜಾರ್ ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದ.

ದೊರೆಯ ಮನೆಯ ಮದುವೆ ಅಂದರೆ ಜನರಿಗೂ ಸಂತೋಷ ಬೇಡವೇ, ಎಲ್ಲವನ್ನೂ ಜಿಪುಣತನದಿಂದ ಅಳೆಯಬೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಅದೇ ಹದಿನೈದನೇ ಲೂಯಿಯೇ ಹತ್ತೊಂಬತ್ತು ವರ್ಷ ಮೊದಲು ಕೊಟ್ಟಿದ್ದ. 1751ರಲ್ಲಿ ಅವನಿಗೆ ಮಗನ ಕಡೆಯಿಂದ ಮೊದಲ ಮೊಮ್ಮಗ ಹುಟ್ಟಿದಾಗ ಪ್ಯಾರಿಸ್ ನಗರ ಎಂದಿನಂತೆ ಉತ್ಸವಕ್ಕೆ ಸಿದ್ಧವಾಯಿತು. ದೊರೆ ಬೇಡವೆಂದ. ಆ ಹಣದಲ್ಲಿ 600 ಬಡ ಹೆಣ್ಣುಮಕ್ಕಳ ಮದುವೆ ಮಾಡಿಸಿ ಎಂದ. ಹಾಗೇ ನಡೆಯಿತು. ಸಾಮೂಹಿಕ ವಿವಾಹಗಳನ್ನು ಮಠಗಳ ಅಂಗಳದಲ್ಲಿ ಕಂಡಿರುವ ನಮಗೆ ಅದರ ಸಂತೋಷ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮೊಮ್ಮಗ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅವನ ತಮ್ಮನೇ 1770ರ ವರ. ಅಣ್ಣ ಹುಟ್ಟಿದಾಗ 600 ಸಂಸಾರಗಳು ಶುರುವಾದವು. ತಮ್ಮನ ಮದುವೆಗೆ 132 ಮನೆಗಳಲ್ಲಿ ಶೋಕ. ಅದೇ ದೊರೆ, ಅದೇ ನಗರಾಡಳಿತ. ಆ ಕಾಲದಲ್ಲಿ ಬೇರೆ ದಾರಿ ಯಾರಿಗೂ ತಿಳಿದಿರಲಿಲ್ಲ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ತಿಳಿದಿತ್ತು, ಒಮ್ಮೆ ಮಾಡಿಯೂ ತೋರಿಸಿದ್ದರು. 1770ರಲ್ಲಿ ಆಸ್ಟ್ರಿಯಾದ ಬೀಗರ ಎದುರು ಸಾಲದ ಸ್ಥಿತಿ ಕಾಣಬಾರದಿತ್ತು, ಅದಕ್ಕೇ ಬಾಣಬಿರುಸು ಬೇಕಾಯಿತು ಎಂದು ನನ್ನ ಊಹೆ.

ಸ್ಟ್ರಾಸ್‌ಬರ್ಗಿನ ಆ ವಿದ್ಯಾರ್ಥಿಗೂ ಈ ಸುದ್ದಿ ಮುಟ್ಟಿತು. ಪೊಲೀಸರ ಅಲಕ್ಷ್ಯದಿಂದ, ಕಟ್ಟಡ ಸಾಮಗ್ರಿಗಳು ಅಡ್ಡಬಿದ್ದ ಬೀದಿಯಲ್ಲಿ ಜನ ಸತ್ತರು ಎಂದೇ ಅವನು ದಾಖಲಿಸಿದ್ದಾನೆ. ಅಷ್ಟು ದೂರದ ಊರಿನಲ್ಲೂ ಕಾರಣ ಎಲ್ಲರಿಗೂ ಗೊತ್ತಿತ್ತು ಎಂದಾಯಿತು. ಅದಕ್ಕೆ ಸ್ವಲ್ಪ ಮುಂಚೆ ಅವನು ಸ್ನೇಹಿತರನ್ನು ಚೇಷ್ಟೆ ಮಾಡಲು, ವರ್ಸೇಲ್ಸ್‌ನಿಂದ ಬರೆಯುತ್ತಿದ್ದೇನೆ ಎಂದು ಸುಳ್ಳು ಪತ್ರ ಹಾಕಿದ್ದನಂತೆ. ಸತ್ತವರಲ್ಲಿ ಇವನೂ ಒಬ್ಬನೇನೋ ಎಂದು ಅವರು ಕಂಗಾಲಾಗಿದ್ದರು.

ಚೌಕದ ದಕ್ಷಿಣಕ್ಕೆ ನದಿಯ ಮೇಲೆ ಸೇತುವೆ ಬಂದದ್ದು 1791ರಲ್ಲಿ. ಕಟ್ಟಿದವನು ಫ್ರಾನ್ಸಿನ ಸೇತುವೆ ಮತ್ತು ರಸ್ತೆಗಳ ಎಂಜಿನಿಯರಿಂಗ್ ಶಾಲೆಯ ಮೊದಲ ಮುಖ್ಯಸ್ಥ ಪೆರೊನೆ. ಕೊನೆಯ ಹಂತಕ್ಕೆ ಜನ ಕೆಡವಿದ ಬಾಸ್ಟೀಲ್ ಕೋಟೆಯ ಕಲ್ಲುಗಳನ್ನೇ ಬಳಸಿದ. ಚೌಕದ ಸುತ್ತಲಿನ ಕಂದಕಗಳು ಮಾತ್ರ ಹಾಗೇ ಉಳಿದಿದ್ದವು. ಅವುಗಳಿಗೆ ಮಣ್ಣು ತುಂಬಿಸಿದ್ದು 1854ರಲ್ಲಿ.